ಅಪ್ಪ ಕೈಯಲ್ಲಿ ತೂಗಿದ ಎಸ್‌ಎಂಪಿಎಸ್

ನಮ್ಮ ಮನೆಗೆ ಬಂದವರು ಮೊದಲು ಎಡವುವುದು ಒಂದು ಕಬ್ಬಿಣದ ಡಬ್ಬಿಗೆ. ಪುಣೆಯ ಮಗರಪಟ್ಟಾದ ಈ ಒಂಬತ್ತನೆಯ ಮಹಡಿಯಲ್ಲಿ ಗಾಳಿಗೇನೂ ಬರವಿಲ್ಲ. ಬಾಲ್ಕನಿಯ ಬಾಗಿಲು ಧಡಾರನೆ ಬಡಿದುಕೊಳ್ಳದಿರಲೆಂದು ನೆರೆಯವರು ಹಿತ್ತಾಳೆಯ ಆನೆ, ಕಲ್ಲಿನ ಆಮೆ, ಹೀಗೆ ಏನೇನೋ ಚಂದದ್ದನ್ನು ಅಡ್ಡ ಇಟ್ಟುಕೊಂಡಿದ್ದಾರೆ. ನಾನು ಇಟ್ಟಿರುವುದು ಕಂಪ್ಯೂಟರಿನ ಹಳೆಯ ಎಸ್‌ಎಂಪಿಎಸ್. ಇಟ್ಟಿಗೆಗಿಂತ ದಪ್ಪ, ಬೂದುಬಣ್ಣ, ಒಂದು ಮಗ್ಗುಲಿಗೆ ಜಾಲರಿ, ಜಾಲರಿಯ ಹಿಂದೆ ತಿರುಗುವುದನ್ನು ನಿಲ್ಲಿಸಿದ ಫ್ಯಾನು. ನನ್ನ ಗಂಡ ಅದನ್ನು ಗುಜರಿಗೆ ಹಾಕಲು ಎರಡು ಸಲ ಪ್ರಯತ್ನಿಸಿದರು. ಎರಡು ಸಲವೂ ನಾನು ಲಿಫ್ಟಿನವರೆಗೆ ಓಡಿಹೋಗಿ ವಾಪಸು ತಂದೆ. ಈಗ ಅವರು ಆ ವಿಷಯ ಎತ್ತುವುದಿಲ್ಲ.

ಕಂಪ್ಯೂಟರಿನ ಗಂಧ ಇಲ್ಲದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟನ್ನು ಹದಗೊಳಿಸಿ, ಒಳಗಿನ ಒಂದೊಂದು ಭಾಗಕ್ಕೂ ಅದಕ್ಕೆ ಒಗ್ಗುವಷ್ಟು ಹಂಚಿಕೊಡುವ ಡಬ್ಬಿ ಇದು. ಕಂಪ್ಯೂಟರ್ ಕೊಂಡವರನ್ನು ಜನ ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದೆಲ್ಲ ಕೇಳುತ್ತಾರೆ. ಎಸ್‌ಎಂಪಿಎಸ್ ಯಾವುದು ಎಂದು ಕೇಳಿದವರನ್ನು ನಾನು ನೋಡಿಲ್ಲ. ಮದುವೆಮನೆಯಲ್ಲಿ ಅಡುಗೆಯವರ ಹೆಸರನ್ನು ಊಟ ಕೆಟ್ಟಾಗ ಮಾತ್ರ ವಿಚಾರಿಸುತ್ತಾರಲ್ಲ, ಹಾಗೆ. ನಾನೂ ಕೇಳಿರಲಿಲ್ಲ, ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಮಹಾ ಜಾಣೆ.

ಆದರೆ ಈ ಕಥೆ ಶುರುವಾಗುವುದು ಬೆಲ್ಲದಿಂದ.

ನಮ್ಮಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿ. ನಾವು ವಿಜಾಪುರದ ಕಡೆಯವರು. ಅಪ್ಪ ಮದುವೆಗೂ ಮುಂಚೆಯೇ ಪುಣೆಗೆ ಬಂದು ನೆಲೆಯಾದವರು. ನಾನು ಹುಟ್ಟಿ ಬೆಳೆದದ್ದೆಲ್ಲ ಯಾರ್ಡಿನ ಹಿಂದಿನ ಓಣಿಯಲ್ಲೇ. ಬೇರೆ ಮಕ್ಕಳ ಅಪ್ಪಂದಿರು ಆಫೀಸಿನಿಂದ ಬಂದರೆ ಪೆನ್ನಿನ ಮಸಿಯ ವಾಸನೆ ಬರುತ್ತಿತ್ತೋ ಏನೋ, ನಮ್ಮಪ್ಪ ಬಂದರೆ ಹಿಂದೆಯೇ ನಾಲ್ಕು ಜೇನುನೊಣ ಬರುತ್ತಿದ್ದವು. ಮನೆಯ ಬಾಗಿಲ ಚಿಲಕ, ಟಿವಿಯ ಗುಂಡಿ, ನನ್ನ ಪ್ರಗತಿಪತ್ರದ ಮೇಲಿನ ಸಹಿ, ಎಲ್ಲವೂ ಅಂಟಂಟು. ಶಾಲೆಯಲ್ಲಿ ಒಬ್ಬ ಟೀಚರ್ ನನ್ನ ಪ್ರಗತಿಪತ್ರವನ್ನು ಮೇಜಿನಿಂದ ಬಿಡಿಸಿಕೊಳ್ಳಲು ಸ್ಕೇಲು ತಂದದ್ದು ನೆನಪಿದೆ. ನನಗೆ ಅವಮಾನವಾಗಿತ್ತು. ಈಗ ನಗು ಬರುತ್ತದೆ.

ಅಪ್ಪನ ಕೈಗೆ ಯಾರ್ಡಿನಲ್ಲಿ ಒಂದು ಹೆಸರಿತ್ತು. ಬೆಲ್ಲದ ಪೆಂಟಿಯನ್ನು, ಅಂದರೆ ದೊಡ್ಡ ಅಚ್ಚನ್ನು, ಎರಡೂ ಅಂಗೈ ಮೇಲೆ ಎತ್ತಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಿ, ಬೆರಳ ಗೆಣ್ಣಿನಿಂದ ಟೊಕ್ ಎಂದು ಕುಟ್ಟಿ ತೂಕ ಹೇಳುತ್ತಿದ್ದರು. ತಕ್ಕಡಿಗೆ ಹಾಕಿದರೆ ಪಾವುಕಿಲೋ ಆಚೀಚೆ ಆಗುತ್ತಿರಲಿಲ್ಲ. ಒಳಗೆ ಹಸಿಯಿದೆಯೋ, ಮಣ್ಣು ಬೆರೆಸಿದ್ದಾರೋ, ಎಲ್ಲ ಕೈಗೆ ತಿಳಿಯುತ್ತಿತ್ತು. ರಜೆಯಲ್ಲಿ ನಾನು ಅಂಗಡಿಗೆ ಹೋದರೆ ಸಣ್ಣ ಪೆಂಟಿಯನ್ನು ನನ್ನ ಕೈಗಿಟ್ಟು "ಎಷ್ಟು?" ಎಂದು ಕೇಳುತ್ತಿದ್ದರು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಹತ್ತು ವರ್ಷ ಆಡಿದ ಆ ಆಟದಲ್ಲಿ ಒಂದು ಸಲವೂ ನಾನು ಸರಿಯಾಗಿ ಹೇಳಲಿಲ್ಲ. ಆಮೇಲೆ ಯಾರ್ಡಿಗೆ ಕೆಂಪು ಅಂಕಿಯಲ್ಲಿ ತೂಕ ತೋರಿಸುವ ಎಲೆಕ್ಟ್ರಾನಿಕ್ ಕಾಂಟಾ ಬಂತು, ಅಪ್ಪನ ಕೈಯನ್ನು ಯಾರೂ ಕೇಳದಾದರು. ಅವರು ಮಾತ್ರ ಕಾಂಟಾದ ಮೇಲೆ ಇಡುವ ಮುಂಚೆ ಪೆಂಟಿಯನ್ನು ಒಂದು ಕ್ಷಣ ಹೆಚ್ಚಾಗಿ ಹಿಡಿದುಕೊಳ್ಳುತ್ತಿದ್ದರು. ಅದನ್ನು ನೋಡಿದವಳು ನಾನೊಬ್ಬಳೇ ಇರಬೇಕು.

ಇನ್ನು ಕಂಪ್ಯೂಟರಿಗೆ ಬರುತ್ತೇನೆ. ಎಂಜಿನಿಯರಿಂಗಿನ ಮೂರನೆಯ ವರ್ಷ ನನಗೆ ಆಟದ ಹುಚ್ಚು ಹಿಡಿದಿತ್ತು. ಗೋಡೆಗಳ ಮರೆಯಲ್ಲಿ ಓಡಾಡುತ್ತ ಬಂದೂಕು ಹಾರಿಸುವ ಆಟ. ಆಟ ನನಗೆ ಬರುತ್ತಿತ್ತೆಂದು ತಿಳಿಯಬೇಡಿ. ಎಲ್ಲರಿಗಿಂತ ಮೊದಲು ಸಾಯುತ್ತಿದ್ದವಳು ನಾನೇ. ಬರುತ್ತಿದ್ದದ್ದು ಯಂತ್ರ ಕಟ್ಟುವುದು. ಬಿಡಿಭಾಗಗಳನ್ನು ಒಂದೊಂದಾಗಿ ತಂದು, ಸ್ಕ್ರೂ ಬಿಗಿದು, ನಮ್ಮ ಓಣಿಯಲ್ಲೇ ಯಾರೂ ಕಂಡಿರದ ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ಊಟದ ಮೇಜಿನ ಮೇಲೆ ನನ್ನ ಗೇಮಿಂಗ್ ಕಂಪ್ಯೂಟರನ್ನು ಎಬ್ಬಿಸಿ ನಿಲ್ಲಿಸಿದೆ. ಆ ದಿನದಿಂದ ನಾವು ನೆಲದ ಮೇಲೆ ಕೂತು ಊಟ ಮಾಡತೊಡಗಿದೆವು. ಅವ್ವ ಬಂದವರಿಗೆಲ್ಲ, "ನೆಲಕ್ಕ ಕುಂತು ಉಣ್ಣೂದು ಆರೋಗ್ಯಕ್ಕ ಭಾಳ ಚಲೋ ಅಂತ್ರೀ," ಎಂದು ಸಮಜಾಯಿಷಿ ಕೊಡುತ್ತಿದ್ದಳು.

ಏಪ್ರಿಲಿನಲ್ಲಿ ಕಾಲೇಜುಗಳ ನಡುವೆ ಆಟದ ಪಂದ್ಯ ಇತ್ತು. ಐದೈದು ಜನರ ತಂಡ, ತಮ್ಮ ತಮ್ಮ ಯಂತ್ರ ತಾವೇ ತರಬೇಕು. ನಮ್ಮ ತರಗತಿಯ ಮಂದಾರ ತಂಡದ ನಾಯಕ. ಅವನು ನನ್ನನ್ನು ಸೇರಿಸಿಕೊಂಡದ್ದು ನನ್ನ ಗುರಿಗಾಗಿ ಅಲ್ಲ, ಯಂತ್ರಕ್ಕಾಗಿ. ಪ್ರತಿ ತಂಡದಲ್ಲೂ ಒಂದು ಯಂತ್ರ ಉಳಿದ ನಾಲ್ಕಕ್ಕೂ ಆಟ ನಡೆಸಿಕೊಡಬೇಕು, ನಮ್ಮಲ್ಲಿ ಅದು ನನ್ನದೇ ಆಗಬೇಕೆಂದು ತೀರ್ಮಾನವಾಯಿತು. ಅಂದರೆ ಅದು ನಡುವೆ ಆರಿದರೆ ಐದೂ ಜನರ ಪರದೆ ಒಮ್ಮೆಲೇ ನಿಲ್ಲುತ್ತದೆ, ತಂಡ ಪಂದ್ಯದಿಂದ ಹೊರಗೆ. ತಂಡದ ಉಳಿದ ಮೂವರು ನನ್ನ ಮುಖವನ್ನೊಮ್ಮೆ, ನಾಯಕನ ಮುಖವನ್ನೊಮ್ಮೆ ನೋಡಿದರು. ಹುಡುಗಿ ಕಟ್ಟಿದ ಯಂತ್ರದ ಮೇಲೆ ಅವರಿಗಿದ್ದ ಭರವಸೆ ಅಷ್ಟು. "ನನ್ನ ಮಷೀನ್ ನಿಲ್ಲೋದಿಲ್ಲ," ಎಂದು ಮರಾಠಿಯಲ್ಲಿ ಘೋಷಿಸಿ ಬಂದೆ.

ಮನೆಗೆ ಬಂದು ಆಟ ಹಚ್ಚಿದೆ. ಹತ್ತು ನಿಮಿಷಕ್ಕೆ ಯಂತ್ರ ಟಪ್ಪನೆ ಆರಿತು.

ಗುರುವಾರ ಪುಣೆಯಲ್ಲಿ ಕರೆಂಟು ಹೋಗುವುದು ಮಾಮೂಲು. ಗುರುವಾರವೇ ಇರಬೇಕೆಂದು ಕ್ಯಾಲೆಂಡರ್ ನೋಡಿದೆ. ಮಂಗಳವಾರ. ಮೇಲೆ ಪಂಖ ತಿರುಗುತ್ತಲೇ ಇತ್ತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಬರೆಯಲು, ಹಾಡು ಕೇಳಲು ಏನೂ ತೊಂದರೆಯಿಲ್ಲ, ಆಟ ಹಚ್ಚಿದರೆ ಮಾತ್ರ ಈ ಅವಾಂತರ. ಮೂರು ದಿನ ಎಲ್ಲದರ ಮೇಲೂ ಗುಮಾನಿಪಟ್ಟೆ. ಕಾರ್ಡನ್ನು ಬಿಚ್ಚಿ ಕೂರಿಸಿದೆ, ತಂತಿಗಳನ್ನು ಬದಲಿಸಿದೆ, ಅವ್ವನ ಮಿಕ್ಸರನ್ನೂ ಬೈದೆ. ಪಂದ್ಯಕ್ಕೆ ಉಳಿದಿದ್ದದ್ದು ಒಂಬತ್ತು ದಿನ. ಸೋತರೆ ಸೋಲಲಿ, ಆದರೆ ನಾನು ಕಟ್ಟಿದ ಯಂತ್ರ ಎಲ್ಲರ ಮುಂದೆ ಕಣ್ಣುಮುಚ್ಚಿದರೆ ಇನ್ನು ಮುಂದೆ ಯಾರೂ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಡುವುದಿಲ್ಲ ಎಂಬುದೇ ನನ್ನ ಸಂಕಟವಾಗಿತ್ತು. ನಾಲ್ಕನೆಯ ದಿನ ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಅಪ್ಪ ಊಟಕ್ಕೆ ಬಂದವರು ನಿಂತು ನೋಡಿದರು. "ಏನಾತು ಯವ್ವಾ?"

"ಆಟ ಹಚ್ಚಿದ ಕೂಡ್ಲೆ ಬಂದ್ ಆಗ್ತದಪ್ಪಾ. ಭಾರ ಬಿದ್ದಾಗ ಅಷ್ಟ."

"ಭಾರ ಅಂದಿ. ಇದರಾಗ ಭಾರ ಹೊರಾಂವ ಯಾರು?"

ನಾನು ಮೂಗೊರೆಸಿಕೊಂಡು ಎಸ್‌ಎಂಪಿಎಸ್ ತೋರಿಸಿದೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದದ್ದು. ಎಲ್ಲ ಭಾಗಗಳನ್ನೂ ವಾರಗಟ್ಟಲೆ ಯೋಚಿಸಿ ಆರಿಸಿದ್ದೆ, ಇದನ್ನೊಂದು ಬಿಟ್ಟು. ಎಲ್ಲಕ್ಕೂ ಕರೆಂಟು ಹೊತ್ತು ಮುಟ್ಟಿಸುವುದು ಇದೇ ಎಂದೆ.

"ಹಂಗಾರ ಇದು ನಿನ್ನ ಮಷೀನಿನ ಹಮಾಲ ಅನ್ನು. ಬಿಚ್ಚು, ಕೈಯಾಗ ಕೊಡು."

ಬಿಚ್ಚಿ ಕೊಟ್ಟೆ. ಅಪ್ಪ ಎರಡೂ ಅಂಗೈ ಮೇಲೆ ಅದನ್ನಿಟ್ಟುಕೊಂಡು ಎಡಕ್ಕೆ, ಬಲಕ್ಕೆ ವಾಲಿಸಿ, ಟೊಕ್ ಎಂದು ಕುಟ್ಟಿದರು. "ಟೊಳ್ಳು. ಇಷ್ಟ ಹಗರ ಇದ್ದಾಂವ ಅಷ್ಟ ಭಾರ ಹ್ಯಾಂಗ ಹೊರ್ತಾನ?"

ನನಗೆ ಅಳುವಿನಲ್ಲೂ ನಗು ಬಂತು. ವಾಟ್ ಬೇರೆ, ಕಿಲೋ ಬೇರೆ ಎಂದು ಕಾಲು ಗಂಟೆ ಪಾಠ ಮಾಡಿದೆ. ಅಪ್ಪ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿ, "ಆತು, ನಾಳೆ ಅಂಗಡಿಗೆ ಹೋಗೂಣು. ನಾನೂ ಬರ್ತೀನಿ," ಎಂದರು.

ಬುಧವಾರ ಪೇಟೆ ಎಂಬ ಬಡಾವಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲು ನನಗೆ ತವರುಮನೆ ಇದ್ದಂತೆ. ಅಲ್ಲಿಗೆ ಧೋತರ, ಗಾಂಧಿ ಟೋಪಿ, ಬೆಲ್ಲದ ವಾಸನೆಯ ಅಪ್ಪನನ್ನು ಕರೆದುಕೊಂಡು ಹೋಗುವಾಗ ಎರಡು ಹೆಜ್ಜೆ ಮುಂದೆಯೇ ನಡೆದೆ ಎಂದು ಒಪ್ಪಿಕೊಳ್ಳುತ್ತೇನೆ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಅಂಗಡಿಯ ಮಾಲೀಕರು ಮರಾಠಿಯವರು, ನನ್ನ ಪರಿಚಯಸ್ಥರು. ಅವರು ಒಂದು ಕಪ್ಪು ಡಬ್ಬಿ ತೆಗೆದರು. ನೀಲಿ ದೀಪದ ಫ್ಯಾನು, ಬಣ್ಣದ ತಂತಿಗಳು, ಪೆಟ್ಟಿಗೆಯ ಮೇಲೆ ಅಂಗೈಯಗಲದ ಅಂಕಿಯಲ್ಲಿ ಆರುನೂರು ವಾಟ್. ನನ್ನ ಕಣ್ಣು ಅಲ್ಲೇ ನೆಟ್ಟಿತು. "ಇದೇ ಕೊಡಿ," ಎಂದೆ. ಅಪ್ಪನ ಸಮಾಧಾನಕ್ಕೆಂದು ಅವರ ಕೈಗಿಟ್ಟೆ. "ನೋಡಪ್ಪಾ, ಭಾಳ ಭಾರ ಅದ."

ಅಪ್ಪ ತೂಗಿದರು. ವಾಲಿಸಿದರು. ಇನ್ನೊಮ್ಮೆ ವಾಲಿಸಿದರು. ಆಮೇಲೆ ಅದನ್ನು ಮೆಲ್ಲಗೆ ಗಾಜಿನ ಕೌಂಟರಿನ ಮೇಲೆ ಇಟ್ಟು, "ಭಾರ ಅದ. ಆದರ ಎಲ್ಲಾ ಭಾರ ಒಂದ ಮೂಲ್ಯಾಗ ಅದ. ಕಲ್ಲ ಇಟ್ಟಾರ," ಎಂದರು. ಮತ್ತೆ ಅದನ್ನೇ ಮರಾಠಿಯಲ್ಲಿ ಮಾಲೀಕರಿಗೂ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕಾಕಾ, ಇದು ಬೆಲ್ಲ ಅಲ್ಲ," ಎಂದು ಮಾಲೀಕರು ನಕ್ಕರು. ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ಅಪ್ಪ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಬೆಲ್ಲ ಅಲ್ಲ ಅಂತ ನನಗೂ ಗೊತ್ತದ. ಬಿಚ್ಚಿ ತೋರಸ್ರಿ. ಕಲ್ಲ ಇರಲಿಲ್ಲಂದ್ರ ಇದನ್ನ ತಗೊಂಡ ಹೋಗ್ತೀನಿ," ಎಂದು ಮರಾಠಿ ಕನ್ನಡ ಎರಡನ್ನೂ ಕಲಸಿ ಹೇಳಿದರು.

ಮಾಲೀಕರಿಗೂ ಹಟ ಬಂತು. ಸೀಲು ಹರಿದು, ನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿದರು. ಒಳಗೆ ಒಂದು ಮೂಲೆಯಲ್ಲಿ, ಯಾವ ತಂತಿಗೂ ಸಂಬಂಧವಿಲ್ಲದೆ, ಅಂಟು ಹಚ್ಚಿ ಕೂರಿಸಿದ ಕಬ್ಬಿಣದ ಗಟ್ಟಿ ತುಂಡು. ಉಳಿದ ಜಾಗ ಖಾಲಿ ಖಾಲಿ. ಮಾಲೀಕರ ಪೆನ್ಸಿಲ್ ಕಿವಿಯಿಂದ ಕೆಳಗೆ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ. ಪಾಪ, ಅವರಿಗೂ ಇದು ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದನ್ನು ಹಾಗೇ ಮಾರುತ್ತಿದ್ದರು.

ಅಪ್ಪನ ಜಾಗದಲ್ಲಿ ನಾನಿದ್ದಿದ್ದರೆ ಅಂಗಡಿ ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಅವರು ಆ ತುಂಡನ್ನು ಉಗುರಿನಿಂದ ಮುಟ್ಟಿ, "ಇರಲಿ ಬಿಡ್ರಿ. ನಮ್ಮ ಯಾರ್ಡಿಗೂ ಇಂಥಾ ಮಾಲ ಬರತಾವು," ಎಂದಷ್ಟೇ ಹೇಳಿದರು. ಮಾಲೀಕರು ಚಹ ತರಿಸಿದರು. ಅಂಗಡಿಯಲ್ಲಿದ್ದ ಎಲ್ಲ ಎಸ್‌ಎಂಪಿಎಸ್‌ಗಳನ್ನೂ ಸಾಲಾಗಿ ಗಾಜಿನ ಮೇಲೆ ಇಟ್ಟು, "ಕಾಕಾ, ಇವನ್ನೂ ಒಮ್ಮೆ ನೋಡಿಬಿಡಿ," ಎಂದು ಕೈಮುಗಿದರು. ಬಹಳ ವರ್ಷಗಳ ಮೇಲೆ ಯಾರೋ ಅಪ್ಪನ ಕೈಯನ್ನು ಕೇಳಿದ್ದರು. ಅವರು ಅಂಗಿಯ ತೋಳು ಮಡಚಿಕೊಂಡು ಒಂದೊಂದನ್ನೇ ಎತ್ತಿ ನೋಡುತ್ತಿದ್ದರೆ, ಎರಡು ಹೆಜ್ಜೆ ದೂರ ನಿಂತಿದ್ದ ನಾನು ಬಂದು ಅವರ ಮಗ್ಗುಲಿಗೆ ನಿಂತೆ. ಇವರು ನಮ್ಮಪ್ಪ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಗಲಿ ಎಂಬಷ್ಟು ಹತ್ತಿರ.

ಅಪ್ಪ ಕೊನೆಗೆ ಎರಡನ್ನು ಬದಿಗಿಟ್ಟರು. "ಇವೆರಡೂ ಸುತ್ತೂ ಭಾರ ಅದಾವು. ಇನ್ನ ಮುಂದಿಂದು ನನಗ ತಿಳಿಯೂದಿಲ್ಲ. ನೀ ಓದು."

ಆಗ ನಾನು ಮೊದಲ ಬಾರಿಗೆ ದೊಡ್ಡ ಅಂಕಿ ಬಿಟ್ಟು ಸಣ್ಣ ಅಕ್ಷರ ಓದಿದೆ. ನನ್ನ ಕಾರ್ಡೂ ಪ್ರೊಸೆಸರೂ ಉಣ್ಣುವುದು ಹನ್ನೆರಡು ವೋಲ್ಟಿನ ಸಾಲಿನಿಂದ. ಆ ಸಾಲಿನಲ್ಲಿ ಎಷ್ಟು ಆಂಪಿಯರ್ ಬರುತ್ತದೆ ಎಂಬುದೇ ಮುಖ್ಯ, ಒಟ್ಟು ವಾಟ್ ಅಲ್ಲ. ನೀಲಿ ದೀಪದ ಆರುನೂರರ ಮೇಲೆ ಮೂಲೆಯಲ್ಲಿ ಬರೆದಿತ್ತು: ಹನ್ನೆರಡು ಆಂಪಿಯರ್. ಅಪ್ಪ ಬದಿಗಿಟ್ಟ ಎರಡರಲ್ಲಿ ಒಂದು ನಾಲ್ಕುನೂರಿಪ್ಪತ್ತು ವಾಟಿನ ಬೂದುಬಣ್ಣದ ಡಬ್ಬಿ. ದೀಪವಿಲ್ಲ, ಬಣ್ಣವಿಲ್ಲ. ಅದರ ಮೇಲೆ ಇಪ್ಪತ್ತೈದು. ನೆಲದಿಂದ ಪೆನ್ಸಿಲ್ ಎತ್ತಿಕೊಂಡು ಗುಣಿಸಿದೆ, ನನ್ನ ಯಂತ್ರಕ್ಕೆ ಬೇಕಾದ್ದಕ್ಕಿಂತ ಧಾರಾಳವಾಗಿತ್ತು. ಮೂರು ವರ್ಷ ಓದಿದ್ದು ಅವತ್ತು ಆ ಗಾಜಿನ ಮೇಲೆ ಉಪಯೋಗಕ್ಕೆ ಬಂತು. "ಇದು," ಎಂದೆ. "ಹೂಂ, ಇದು," ಎಂದರು ಅಪ್ಪ.

ಪಂದ್ಯದ ಭಾನುವಾರ ಬೆಳಿಗ್ಗೆ ಕೊನೆಯ ಬಾರಿ ಪರೀಕ್ಷಿಸಲು ಯಂತ್ರವನ್ನು ಮಗ್ಗುಲು ಮುಚ್ಚಳ ತೆಗೆದು ಓಡಿಸುತ್ತಿದ್ದೆ. ಅವ್ವ ದೇವರ ಮನೆಯಿಂದ ಭಂಡಾರದ ಬಟ್ಟಲು ಹಿಡಿದು ಬಂದಳು. ನಮ್ಮ ಮನೆದೇವರು ಮೈಲಾರಲಿಂಗ. ವರ್ಷಕ್ಕೊಮ್ಮೆ ಅವನ ಜೇಜುರಿ ಗುಡ್ಡಕ್ಕೆ ಹೋಗಿ ಅರಿಶಿನದ ಭಂಡಾರ ತುಂಬಿಕೊಂಡು ಬರುವುದು, ಮನೆಗೆ ಹೊಸದು ಏನು ಬಂದರೂ ಅದಕ್ಕೆ ಹಚ್ಚುವುದು ಪದ್ಧತಿ. ಸೈಕಲ್ಲಿಗೆ ಹಚ್ಚಿದ್ದಾಳೆ, ಕುಕ್ಕರಿಗೆ ಹಚ್ಚಿದ್ದಾಳೆ. "ಅವ್ವಾ, ತಡೀ, ಬಂದ್ ಮಾಡ್ತೀನಿ," ಎನ್ನುವಷ್ಟರಲ್ಲಿ "ಏಳುಕೋಟಿ!" ಎಂದು ಮೈಲಾರನ ಜಯಕಾರ ಹಾಕಿ, ಜೇಜುರಿಯ ಮೆಟ್ಟಿಲ ಮೇಲೆ ತೂರುವ ಹಾಗೆಯೇ ಒಂದು ಹಿಡಿ ತೂರಿಯೇಬಿಟ್ಟಳು. ಒಳಗಿನ ಫ್ಯಾನು ಅಷ್ಟನ್ನೂ ಗಬಕ್ಕನೆ ನುಂಗಿ, ಹಿಂದಿನ ಜಾಲರಿಯಿಂದ ಹೊರಗೆ ಊದಿತು. ಹಿಂದೆ, ಯಂತ್ರವನ್ನು ಟೆಂಪೋದಲ್ಲಿ ಕಟ್ಟಲೆಂದು ಹಗ್ಗ ಹಿಡಿದು ನಿಂತಿದ್ದವರು ಅಪ್ಪ. ಬಿಳಿ ಅಂಗಿ, ಬಿಳಿ ಟೋಪಿ, ಮೀಸೆ, ಎಲ್ಲ ಹಳದಿ. ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ಹಾಗೆಯೇ ಹೊರಟರು.

ಸಭಾಂಗಣದಲ್ಲಿ ಇನ್ನೂರು ಜನ, ಐವತ್ತು ಯಂತ್ರ, ಏಪ್ರಿಲಿನ ಧಗೆ. ಅಪ್ಪ ನನ್ನ ಮೇಜಿನ ಹಿಂದೆ ನಿಂತರು. ಸ್ವಯಂಸೇವಕನೊಬ್ಬ ಬಂದು ಪ್ರೇಕ್ಷಕರ ಜಾಗ ಅಲ್ಲಿದೆ ಎಂದ. "ನಾನು ಮಷೀನಿನ ಕಡೆಯವನು," ಎಂದು ಮರಾಠಿಯಲ್ಲಿ ಹೇಳಿ ಅಪ್ಪ ಅಲುಗಲಿಲ್ಲ. ಪರದೆಯ ಕಡೆ ಅವರು ನೋಡಲೇ ಇಲ್ಲ. ಹಿಂದಿನ ಜಾಲರಿಗೆ ಅಂಗೈ ಅಡ್ಡ ಹಿಡಿದು, ಬರುವ ಗಾಳಿಯ ಬಿಸಿ ನೋಡುತ್ತಿದ್ದರು. ಆಗಾಗ ಬಗ್ಗಿ ನನ್ನ ಕಿವಿಯಲ್ಲಿ, "ಬೆಚ್ಚಗದ. ಸುಡೂದಿಲ್ಲ. ನೀ ಆಡು," ಎನ್ನುತ್ತಿದ್ದರು. ಯಂತ್ರ ಕಾದಂತೆಲ್ಲ ನಮ್ಮ ಸಾಲಿನಲ್ಲಿ ಅರಿಶಿನದ ಘಮ ಏರುತ್ತಿತ್ತು. ಪಕ್ಕದ ತಂಡದವರು ಎಲ್ಲೋ ಒಗ್ಗರಣೆ ಹಾಕುತ್ತಿದ್ದಾರೆಂದು ತಿಳಿದು ಹಸಿವೆಯಾಯಿತು ಎಂದರು.

ಸೆಮಿಫೈನಲಿನಲ್ಲಿ ಎದುರಾಳಿಗಳ ಆಟ ನಡೆಸುತ್ತಿದ್ದ ಯಂತ್ರ ಟಪ್ಪನೆ ಆರಿತು. ಸಭಾಂಗಣ ಹೋ ಎಂದಿತು. ನನ್ನ ಬೆನ್ನಲ್ಲಿ ಬೆವರು ಇಳಿಯಿತು, ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತಲ್ಲ. ನಾವು ಫೈನಲಿಗೆ ಬಂದೆವು. "ನೀಲಾ, ಬಂದ್ ಪಡಾಯ್ಲಾ ನಕೋ," ಎಂದ ಮಂದಾರ, ನಿಲ್ಲಬಾರದು ಅಷ್ಟೇ. ನಿಲ್ಲಲಿಲ್ಲ. ಇಡೀ ಮಧ್ಯಾಹ್ನ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಕೈಕೊಟ್ಟದ್ದು ನಾನು. ಕೊನೆಯ ಸುತ್ತಿನಲ್ಲಿ ಗಾಬರಿಯಿಂದ ತಪ್ಪು ದಿಕ್ಕಿಗೆ ತಿರುಗಿ, ನಮ್ಮ ನಾಯಕನ ಕಾಲ ಬುಡಕ್ಕೇ ಬಾಂಬು ಎಸೆದೆ. ಮಂದಾರ ಸತ್ತ. ತಂಡ ಸೋತಿತು.

ಗದ್ದಲದಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಅಪ್ಪ ನನ್ನ ತಲೆಯ ಮೇಲೆ ಹಳದಿ ಕೈ ಇಟ್ಟು, "ನಿಂದರಲಿಲ್ಲ ನೋಡ!" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಗೆದ್ದೆವೆಂದು ತಿಳಿದಿದ್ದಾರೆ ಅನ್ನಿಸಿತು. ಸೋತೆವು ಎನ್ನಲು ನನಗೆ ಬಾಯಿ ಬರಲಿಲ್ಲ. ಮರುದಿನ ಯಾರ್ಡಿನಲ್ಲಿ ಅಪ್ಪ ಎಲ್ಲರಿಗೂ ಬೆಲ್ಲ ಹಂಚಿದರು. ಹಮಾಲರು, ಅಡತಿಯವರು, ಕಾಂಟಾದ ಮುಂದೆ ಕೂರುವ ಗುಮಾಸ್ತರು, ಎಲ್ಲರೂ ನಾನು ಕಂಡಾಗಲೆಲ್ಲ "ಶಾಬಾಸ್" ಎನ್ನತೊಡಗಿದರು. ಆ ಶಾಬಾಸನ್ನು ತಲೆ ತಗ್ಗಿಸಿ ಇಸಿದುಕೊಂಡೆ. ವಿನಯವೆಂದು ಅವರು ತಿಳಿದರು. ಅಪ್ಪನಿಗೆ ಸುಳ್ಳು ಹೆಮ್ಮೆ ಕೊಟ್ಟೆನೆಂಬ ಮುಳ್ಳು ಒಳಗೇ ಉಳಿಯಿತು.

ನಾನು ಈಗ ಕಚೇರಿಗಳ ಸರ್ವರ್ ಕೋಣೆಗಳಿಗೆ ಯಾವ ಪವರ್ ಸಪ್ಲೈ ತಕ್ಕದ್ದೆಂದು ಆರಿಸಿಕೊಡುವ ಕೆಲಸದಲ್ಲಿದ್ದೇನೆ. ಹೊಸ ನಮೂನೆ ಬಂದರೆ ಕಾಗದ ಓದುವ ಮೊದಲು ಎರಡೂ ಅಂಗೈ ಮೇಲೆ ಎತ್ತಿ, ಎಡಕ್ಕೆ ಬಲಕ್ಕೆ ವಾಲಿಸುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ, ನಗಲಿ. ಬೆಲ್ಲದಲ್ಲಿ ಒಮ್ಮೆಯೂ ಸರಿ ಹೇಳದ ಕೈ ಇದರಲ್ಲಿ ಇದುವರೆಗೆ ತಪ್ಪಿಲ್ಲ.

ಹೋದ ಭಾನುವಾರ ಮಂದಾರ ತನ್ನ ಮದುವೆಗೆ ಕರೆಯಲು ಬಂದಿದ್ದ. ಅಪ್ಪ ಅವ್ವ ಕೂಡ ಯಾರ್ಡಿನ ಕಡೆಯಿಂದ ಊಟಕ್ಕೆ ಬಂದಿದ್ದರು. ಅವನು ಬಾಲ್ಕನಿಯ ಬಾಗಿಲಲ್ಲಿ ಎಲ್ಲರಂತೆ ಎಡವಿ, ಬಗ್ಗಿ ನೋಡಿ, "ಅರೇ, ಇದು ಇನ್ನೂ ಇದೆಯಾ!" ಎಂದು ಮರಾಠಿಯಲ್ಲಿ ಕೂಗಿದ. ಅಲ್ಲಿಗೆ ನಿಲ್ಲಿಸಬೇಕೋ ಬೇಡವೋ. "ಕಾಕಾ, ಅವತ್ತು ನಿಮ್ಮ ಮಗಳು ನನಗೇ ಬಾಂಬು ಎಸೆಯದಿದ್ದರೆ ಗೆಲ್ಲುತ್ತಿದ್ದೆವು!" ಎಂದುಬಿಟ್ಟ.

ನಾನು ಚಹದ ತಟ್ಟೆಯನ್ನು ಕೆಳಗಿಟ್ಟೆ. ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ. "ಅಪ್ಪಾ, ನಾ ಅವತ್ತ ಹೇಳಬೇಕಿತ್ತು..." ಎಂದು ತೊದಲಿದೆ.

ಅಪ್ಪ ಎದ್ದು ಹೋಗಿ ಆ ಡಬ್ಬಿಯನ್ನು ಎತ್ತಿಕೊಂಡರು. ವಾಲಿಸಿದಾಗ ಜಾಲರಿಯಿಂದ ಒಂದು ಚಿಟಿಕೆ ಹಳದಿ ಪುಡಿ ಅವರ ಧೋತರದ ಮೇಲೆ ಉದುರಿತು. ಅದನ್ನು ಹಣೆಗೆ ಹಚ್ಚಿಕೊಂಡು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ಸೋತೀರಿ ಅಂತ ಅವತ್ತ ಗೊತ್ತಿತ್ತು ಯವ್ವಾ. ಅಷ್ಟ ದೊಡ್ಡ ಬೋರ್ಡಿನ ಮ್ಯಾಲ ಬರದಿದ್ದರಲ್ಲ. ಯಾರ್ಡಿನ್ಯಾಗ ನಾ ಏನ ಗೆದ್ದಾಳ ಅಂತ ಬೆಲ್ಲ ಹಂಚಿದ್ನೇನು? ನನ್ನ ಮಗಳು ಹೊತ್ತ ಭಾರ ನಡುದಾರ್ಯಾಗ ಇಳಸಲಿಲ್ಲ ಅಂತ ಹಂಚಿದ್ದೆ."

ಆಮೇಲೆ ಆ ಡಬ್ಬಿಯನ್ನು ಒಂದು ಕ್ಷಣ ಹೆಚ್ಚಾಗಿ ಹಿಡಿದುಕೊಂಡು, ಮತ್ತೆ ಬಾಗಿಲಿಗೆ ಅಡ್ಡ ಇಟ್ಟರು.